ವೀರಗಲ್ಲಿನಿಂದ ಪಿಂಚಣಿ ಪತ್ರದವರೆಗೆ



ಯುದ್ಧದ ಇತಿಹಾಸವನ್ನು ನಾವು ಸಾಮಾನ್ಯವಾಗಿ ಯಾರು ಗೆದ್ದರು, ಯಾರು ಸೋತರು, ಯಾವ ಇಸವಿ, ಯಾವ ಒಪ್ಪಂದ ಎಂಬ ಕ್ರಮದಲ್ಲಿ ಓದುತ್ತೇವೆ. ಪರೀಕ್ಷೆಯಲ್ಲಿ ಕೇಳುವುದೂ ಅಷ್ಟನ್ನೇ. ಆದರೆ ಪ್ರತಿಯೊಂದು ಯುದ್ಧಕ್ಕೂ ಇನ್ನೊಂದು ಇತಿಹಾಸ ಇರುತ್ತದೆ. ಸೇನೆ ಹಿಂದಿರುಗಿ, ಸೈನಿಕನ ಬದಲು ಅವನ ಸುದ್ದಿ ಮಾತ್ರ ಮನೆಗೆ ಬಂದ ದಿನ ಅದು ಪ್ರಾರಂಭವಾಗುತ್ತದೆ. ಆ ಮನೆಯಲ್ಲಿ ಉಳಿದ ಹೆಂಗಸು ಮುಂದೆ ಹೇಗೆ ಬದುಕಬೇಕು? ಮಕ್ಕಳನ್ನು ಹೇಗೆ ಸಾಕಬೇಕು? ಯಾರ ಬಾಗಿಲಿಗೆ ಹೋಗಿ, ಏನೆಂದು ಕೇಳಬೇಕು? ಕೇಳಿದರೆ ಸಿಗುವುದು ದಾನವೋ, ಅವಳಿಗೆ ಸಲ್ಲಬೇಕಾದ ಪಾಲೋ? ಕಾರ್ಯಕ್ರಮದ ಮಾತುಕತೆಯಲ್ಲಿ ಈ ಪ್ರಶ್ನೆಗಳನ್ನು ಮುಟ್ಟಿ ಮುಂದೆ ಹೋಗುವಷ್ಟೇ ಸಮಯವಿರುತ್ತದೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಸೀಮೆ ಈ ಅಭ್ಯಾಸಕ್ಕೆ ತಕ್ಕ ಜಾಗ. ಕದಂಬರು, ರಾಷ್ಟ್ರಕೂಟರು, ಚಾಲುಕ್ಯರು, ಹೊಯ್ಸಳರು, ಸವಣೂರಿನ ನವಾಬರು, ಪೇಶ್ವೆಗಳು, ಹೈದರಾಲಿ, ಇಂಗ್ಲಿಷರು ಎಲ್ಲರೂ ಈ ನೆಲದಲ್ಲಿ ಸೇನೆ ನಡೆಸಿದ್ದಾರೆ. ಸೇನೆ ನಡೆದ ಕಡೆ ವಿಧವೆಯರೂ ಇದ್ದೇ ಇದ್ದರು. ಅವರಿಗೆ ರಾಜ್ಯ ಏನು ಕೊಟ್ಟಿತು, ಕೊಡುವ ಮೊದಲು ಯಾವ ಸಾಕ್ಷಿ ಕೇಳಿತು ಎಂಬುದೇ ಈ ಲೇಖನದ ವಿಷಯ.

ಕಲ್ಲಿನಲ್ಲಿ ಬರೆದ ಆದೇಶ

ಹಾನಗಲ್ಲಿನ ಹಳೆಯ ಹೆಸರು ಪಾನುಂಗಲ್ಲು. ಪಾನುಂಗಲ್ಲು ಐನೂರು ಎಂಬ ನಾಡಿಗೆ ಇದು ರಾಜಧಾನಿಯಾಗಿತ್ತು. 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಊರಿನ ಪಶ್ಚಿಮದ ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲಿಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ಪರವಾಗಿ ಸೇನಾಪತಿ ಸೋಹಣಿ ಮತ್ತು ಅವನ ಮಗ ಎದುರಿಸಿದರು. ಆ ಸಲ ಹೊಯ್ಸಳ ಸೇನೆ ಹಿಮ್ಮೆಟ್ಟಿತು, ಆದರೆ ಸೋಹಣಿ ಕಾಳಗದಲ್ಲಿ ಮಡಿದ. ಇದನ್ನು ನಮಗೆ ತಿಳಿಸುವುದು ಹಾನಗಲ್ಲಿನ ಒಂದು ವೀರಗಲ್ಲು.

ವೀರಗಲ್ಲುಗಳನ್ನು ನೀವು ನೋಡಿರಬಹುದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವ ದೃಶ್ಯ, ಮೇಲೆ ಅವನು ಶಿವಲಿಂಗದ ಮುಂದೆ ಕುಳಿತ ಚಿತ್ರ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರ. ಸವೆದ ಅಕ್ಷರ ಮಧ್ಯಾಹ್ನದ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಬೆಳಿಗ್ಗೆ ಅಥವಾ ಸಂಜೆ ಬೆಳಕು ಓರೆಯಾಗಿ ಬಿದ್ದಾಗ ಪ್ರತಿ ಗೀರಿಗೂ ನೆರಳು ಹುಟ್ಟಿ ಅದೇ ಕಲ್ಲು ಓದಲು ಸಿಗುತ್ತದೆ. ಕ್ಯಾಮೆರಾ ಹಿಡಿಯುವವರಿಗೆ ಇದು ದಿನನಿತ್ಯದ ಅನುಭವ. ಶಾಸನ ಓದಬಯಸುವವರಿಗೂ ಉಪಯೋಗಕ್ಕೆ ಬರುವ ಮಾತು.

ಬಹಳಷ್ಟು ಕಲ್ಲುಗಳು ದೊಡ್ಡ ಯುದ್ಧದವಲ್ಲ. ದನ ಹೊಡೆದುಕೊಂಡು ಹೋದಾಗ ಬಿಡಿಸಿ ತಂದ ತುರುಗೊಳ್ ಕಾಳಗ, ಹೆಂಗಸರ ಮಾನ ಕಾಯ್ದ ಪೆಣ್ಬುಯ್ಯಲ್, ಊರು ಸುಟ್ಟಾಗ ನಡೆದ ಊರಳಿವು, ಇಂಥವುಗಳಲ್ಲಿ ಸತ್ತ ಸಾಮಾನ್ಯರ ಕಲ್ಲುಗಳೇ ಹೆಚ್ಚು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಕಲ್ಲಿನ ಕೊನೆಯ ಸಾಲುಗಳು. ಅನೇಕ ಶಾಸನಗಳಲ್ಲಿ ಸತ್ತವನ ಮನೆಯವರಿಗೆ ಇಷ್ಟು ಗದ್ದೆ, ಇಷ್ಟು ಬೆದ್ದಲು ಬಿಡಲಾಯಿತು ಎಂದು ಬರೆದಿರುತ್ತದೆ. ಈ ದತ್ತಿಯ ಹೆಸರೇ ನೆತ್ತರುಗೊಡಗೆ. ನೆತ್ತರು ಸುರಿಸಿದ್ದಕ್ಕೆ ಕೊಟ್ಟ ಕೊಡುಗೆ. ವೀರನ ಹೆಸರಿನಲ್ಲಿ ಬಿಟ್ಟ ಭೂಮಿಗೆ ಕಲ್ನಾಡು ಎಂಬ ಮಾತೂ ಇದೆ. ಬೆಂಗಳೂರಿನ ಬಳಿಯ ಬೇಗೂರಿನ ಪ್ರಸಿದ್ಧ ವೀರಗಲ್ಲಿನಲ್ಲಿ, ನಾಗತ್ತರ ಎಂಬವನು ಮಡಿದ ಬಳಿಕ ಗಂಗ ಎರೆಯಪ್ಪ ಬೆಂಪೂರು ಹನ್ನೆರಡನ್ನು ಇರುಗ ಎಂಬವನಿಗೆ ಕಲ್ನಾಡಾಗಿ ಕೊಟ್ಟ ವಿವರವಿದೆ.

ಬದುಕಿ ಬಂದ ವೀರನಿಗೆ ಕೊಟ್ಟದ್ದಕ್ಕೆ ಬೇರೆ ಹೆಸರು: ಬಾಳ್ಗಚ್ಚು, ಅಂದರೆ ಕತ್ತಿ ತೊಳೆದುಕೊಳ್ಳುವ ಕೊಡುಗೆ. ಸುಮಾರು 450ರ ಹಲ್ಮಿಡಿ ಶಾಸನ ಕನ್ನಡದ ಅತ್ಯಂತ ಹಳೆಯ ಬರಹಗಳಲ್ಲಿ ಒಂದು ಎಂದು ಎಲ್ಲರಿಗೂ ಗೊತ್ತು. ಅದರಲ್ಲಿ ಇರುವುದೇನು? ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು ಬಾಳ್ಗಚ್ಚಾಗಿ ಕೊಟ್ಟ ಆದೇಶ. ಕನ್ನಡದ ಆರಂಭದ ಬರಹವೇ ಸೈನಿಕನಿಗೆ ರಾಜ್ಯ ತೀರಿಸಿದ ಋಣದ ದಾಖಲೆ ಎಂಬುದನ್ನು ಗಮನಿಸಬೇಕು.

ಈ ವ್ಯವಸ್ಥೆಗೆ ಒಂದು ದೊಡ್ಡ ಅನುಕೂಲವಿತ್ತು. ಆದೇಶದ ಪ್ರತಿ ಊರ ಮುಂದೆಯೇ ನಿಂತಿರುತ್ತಿತ್ತು. ಅಕ್ಷರ ಬಾರದವರಿಗೂ ಅದು ಯಾರ ಕಲ್ಲು, ಯಾವ ಹೊಲ ಅವರಿಗೆ ಸಲ್ಲಬೇಕು ಎಂದು ಗೊತ್ತಿರುತ್ತಿತ್ತು. ದತ್ತಿಯನ್ನು ಅಳಿಸಿದವರಿಗೆ ಶಾಪವನ್ನೂ ಕಲ್ಲಿನಲ್ಲೇ ಬರೆಯುತ್ತಿದ್ದರು. ಇಡೀ ಊರೇ ಸಾಕ್ಷಿ.

ಕಲ್ಲಿನಲ್ಲಿ ಕಾಣದವಳು

ಆದರೆ ಆ ಕಲ್ಲುಗಳಲ್ಲಿ ಹೆಂಡತಿ ಎಲ್ಲಿದ್ದಾಳೆ? ಅನೇಕ ವೀರಗಲ್ಲುಗಳ ಪಕ್ಕದಲ್ಲಿ ಇನ್ನೊಂದು ಬಗೆಯ ಕಲ್ಲು ಇರುತ್ತದೆ: ಮಾಸ್ತಿಗಲ್ಲು. ಕಂಬದಿಂದ ಹೊರಚಾಚಿ ಮೇಲೆದ್ದ ಒಂದು ಕೈ, ಕೈತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಗಂಡನ ಚಿತೆ ಏರಿದ ಹೆಂಗಸಿನ ಗುರುತು ಅದು. ಬಳೆ ಒಡೆಯದೆ ಹೋದವಳು ಎಂಬುದನ್ನು ಆ ಕೈ ಹೇಳುತ್ತದೆ. 1057ರ ಬೆಳತೂರು ಶಾಸನ ದೇಕಬ್ಬೆ ಎಂಬವಳ ಕಥೆಯನ್ನು ವಿಸ್ತಾರವಾಗಿಯೇ ಬರೆದಿದೆ.

ಅಂದರೆ ಗಂಡನ ಜೊತೆ ಸತ್ತವಳಿಗೆ ಕಲ್ಲಿನಲ್ಲಿ ಜಾಗ ಸಿಕ್ಕಿತು. ಸಾಯದೆ ಉಳಿದು, ನೆತ್ತರುಗೊಡಗೆಯ ಹೊಲದಲ್ಲಿ ದುಡಿದು, ಮಕ್ಕಳನ್ನು ಸಾಕಿದವಳ ಚಿತ್ರ ವೀರಗಲ್ಲಿನಲ್ಲಿ ಇಲ್ಲ. ಸಂಖ್ಯೆಯಲ್ಲಿ ಅಂಥವರೇ ಹೆಚ್ಚಾಗಿದ್ದಿರಬೇಕು. ಇಲ್ಲದಿದ್ದರೆ ವಂಶಗಳು ಮುಂದುವರಿಯುತ್ತಿರಲಿಲ್ಲ. ಕೆಲವು ಕಡೆ ಹೆಂಡತಿಯೇ ಕಲ್ಲು ನಿಲ್ಲಿಸಿದ್ದೂ ಉಂಟು. ಆದರೆ ದತ್ತಿ ಬರೆಯುವಾಗ ಸಾಮಾನ್ಯವಾಗಿ ಮಗ, ತಮ್ಮ, ವಂಶ ಎಂಬ ಮಾತುಗಳೇ ಬರುತ್ತವೆ. ಭೂಮಿ ಮನೆತನಕ್ಕೆ ಸೇರಿತು; ಅವಳು ಮನೆತನದ ಆಶ್ರಯದಲ್ಲಿ ಉಳಿದಳು. ಅವಳ ಬದುಕು ಮೈದುನರ, ಮಕ್ಕಳ ಒಳ್ಳೆಯತನವನ್ನು ಅವಲಂಬಿಸಿತ್ತು.

ಬದುಕಿ ಉಳಿದ ವಿಧವೆ ತನ್ನ ಹೆಸರಿನಲ್ಲಿ ರಾಜ್ಯದ ಮುಂದೆ ನಿಂತು ಮಾತಾಡಲು ಬಹಳ ಕಾಲ ಬೇಕಾಯಿತು. ಅದು ಆರಂಭವಾದದ್ದು ಕಲ್ಲಿನ ಕಾಲದಲ್ಲಿ ಅಲ್ಲ, ಕಾಗದದ ಕಾಲದಲ್ಲಿ.

ಕಾಗದದ ಆಳ್ವಿಕೆ

ಹದಿನೆಂಟನೆಯ ಶತಮಾನದಲ್ಲಿ ಈ ಸೀಮೆ ಸತತವಾಗಿ ಸೇನೆಗಳ ದಾರಿಯಾಯಿತು. 1756ರಲ್ಲಿ ಪೇಶ್ವೆ ಬಾಲಾಜಿ ಬಾಜಿರಾವ್ ಮತ್ತು ನಿಜಾಮರ ಪಡೆಗಳು ಸವಣೂರಿಗೆ ಮುತ್ತಿಗೆ ಹಾಕಿದವು. 1764ರಲ್ಲಿ ಆಗ ಹಿರೇಕೆರೂರು ಭಾಗಕ್ಕೆ ಸೇರಿದ್ದ, ಈಗ ತಾನೇ ಒಂದು ತಾಲ್ಲೂಕಾಗಿರುವ ರಟ್ಟೀಹಳ್ಳಿಯಲ್ಲಿ ಪೇಶ್ವೆ ಮಾಧವರಾವ್ ಹೈದರಾಲಿಯನ್ನು ಸೋಲಿಸಿದ. ಮರಾಠರ ಆಡಳಿತದಲ್ಲಿ ಯುದ್ಧದಲ್ಲಿ ಸತ್ತವರ ಮಕ್ಕಳ ಪಾಲನೆಗೆ ಬಾಲಪರವೇಶಿ ಎಂಬ ಭತ್ಯೆ ಇತ್ತು. ಸನದು, ಇನಾಮು, ಉಂಬಳಿ ಎಂಬ ಮಾತುಗಳು ಈ ಕಾಲದಲ್ಲಿ ಮನೆಮಾತಾದವು. ಋಣದ ದಾಖಲೆ ಈಗ ಕಲ್ಲಲ್ಲ, ಮೊಹರು ಹಾಕಿದ ಕಾಗದ. ಕಲ್ಲು ಊರ ಮುಂದಿರುತ್ತಿತ್ತು, ಕಾಗದ ಮನೆಯ ಪೆಟ್ಟಿಗೆಯೊಳಗೆ ಸೇರಿತು.

1818ರಲ್ಲಿ ಪೇಶ್ವೆಯ ರಾಜ್ಯ ಕೊನೆಗೊಂಡಿತು. ಸವಣೂರು ನವಾಬರ ಕೈಯಲ್ಲಿ 1948ರವರೆಗೆ ಸಣ್ಣ ಸಂಸ್ಥಾನವಾಗಿ ಉಳಿಯಿತು. ಸುತ್ತಲಿನ ಊರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದವು. ಹೊಸ ಸರಕಾರಕ್ಕೆ ಇನಾಮು ಭೂಮಿಗಳು ಕಂದಾಯದ ನಷ್ಟವಾಗಿ ಕಂಡವು. 1843ರಲ್ಲಿ ದಕ್ಷಿಣ ಮರಾಠಾ ಪ್ರದೇಶದಲ್ಲಿ ಇನಾಮುಗಳ ವಿಚಾರಣೆ ಪ್ರಾರಂಭವಾಯಿತು. 1852ರ ಹನ್ನೊಂದನೆಯ ಕಾಯಿದೆಯಿಂದ ಇನಾಮು ಆಯೋಗಕ್ಕೆ ಪೂರ್ಣ ಅಧಿಕಾರ ಸಿಕ್ಕಿತು. ಅಧಿಕಾರಿಗಳ ಪ್ರಶ್ನೆ ಒಂದೇ: ಸನದು ಎಲ್ಲಿದೆ? ತೋರಿಸಿದವರು ಉಳಿದರು. ಗೆದ್ದಲು ತಿಂದವರು, ಬೆಂಕಿಯಲ್ಲಿ ಕಳೆದುಕೊಂಡವರು, ಅಜ್ಜನ ಮಾತಿನ ಮೇಲೆ ಉಳುತ್ತ ಬಂದವರು ಸಾವಿರಾರು ಸಂಖ್ಯೆಯಲ್ಲಿ ಇನಾಮು ಕಳೆದುಕೊಂಡರು. ಊರಿನ ನೆನಪು ಇನ್ನು ಸಾಕ್ಷಿಯಲ್ಲ ಎಂಬ ಪಾಠವನ್ನು ಈ ಸೀಮೆ ಮೊದಲು ಕಲಿತದ್ದು ಆಗ.

ಇದರ ಜೊತೆಗೇ 1871ರ ಪಿಂಚಣಿ ಕಾಯಿದೆಯನ್ನೂ ನೋಡಬೇಕು. ಪಿಂಚಣಿಯ ಬಗ್ಗೆ ದಾವಾ ಹೂಡಿದರೆ ಸಿವಿಲ್ ನ್ಯಾಯಾಲಯ ಅದನ್ನು ವಿಚಾರಣೆಗೆ ತೆಗೆದುಕೊಳ್ಳಬಾರದು ಎಂದು ಅದರ ನಾಲ್ಕನೆಯ ಕಲಮು ಹೇಳಿತು. ಕಲೆಕ್ಟರರ ಅನುಮತಿ ಪತ್ರವಿದ್ದರೆ ಮಾತ್ರ ವಿನಾಯಿತಿ. ಅಂದರೆ ಪಿಂಚಣಿ ಸರಕಾರದ ಕೃಪೆ, ಅದರ ಬಗ್ಗೆ ಜಗಳವಾಡುವಂತಿಲ್ಲ. ಅದೇ ಕಾಯಿದೆಯಲ್ಲಿ ಒಂದು ಒಳ್ಳೆಯ ಮಾತೂ ಇತ್ತು. ಸಾಲ ಕೊಟ್ಟವನು ಪಿಂಚಣಿಯನ್ನು ಜಪ್ತಿ ಮಾಡಿಸುವಂತಿಲ್ಲ. ಮುಂದೆ ಬರುವ ಪಿಂಚಣಿಯನ್ನು ಮೊದಲೇ ಬರೆಸಿಕೊಂಡರೂ ಆ ಪತ್ರ ಊರ್ಜಿತವಲ್ಲ. ಬಡ ವಿಧವೆಯ ಕೈಯಲ್ಲಿ ನಾಲ್ಕು ಕಾಸು ಉಳಿಯಲು ಈ ಕಲಮುಗಳು ಆಧಾರವಾಗಬಹುದಾಗಿತ್ತು.

ಹೆಸರಿಲ್ಲದೆ ಸಂಖ್ಯೆಯಾದವರು

ಮೊದಲ ಮಹಾಯುದ್ಧ ಬಂದಾಗ ಹದಿಮೂರು ಲಕ್ಷಕ್ಕೂ ಹೆಚ್ಚು ಭಾರತೀಯರು ಸೇನೆಯಲ್ಲಿ ದುಡಿದರು. ಸುಮಾರು 74,000 ಮಂದಿ ಹಿಂದಿರುಗಲಿಲ್ಲ. ಇಂದಿನ ಇರಾಕಿನಲ್ಲಿ, ಆಗಿನ ಮೆಸೊಪೊಟೇಮಿಯಾದಲ್ಲಿ, ಮರಾಠಾ ಪಲ್ಟನ್ನುಗಳು ಹೋರಾಡಿದವು. ಕುತ್ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ಮುತ್ತಿಗೆಗೆ ಸಿಕ್ಕಿದ ಸೇನೆ ಅನ್ನವಿಲ್ಲದೆ 1916ರ ಏಪ್ರಿಲ್ 29ರಂದು ಶರಣಾಯಿತು. ಮುಂದೆ 1922ರಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಬೆಳಗಾವಿಗೆ ಬಂತು. ಉತ್ತರ ಕರ್ನಾಟಕದ ಯುವಕರಿಗೆ ಸೇನೆ ಎಂದರೆ ಮೊದಲು ನೆನಪಾಗುವ ಊರು ಬೆಳಗಾವಿಯಾದದ್ದು ಹೀಗೆ.

ಈ ಯುದ್ಧದಲ್ಲಿ ಸತ್ತವರನ್ನು ಹೇಗೆ ನೆನೆದರು? 1929ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕ 40,000ಕ್ಕೂ ಹೆಚ್ಚು ಮಂದಿಯನ್ನು ನೆನೆಯುತ್ತದೆ. ಅದರಲ್ಲಿ ಬ್ರಿಟಿಷ್ ಸಿಪಾಯಿಗಳ ಹೆಸರನ್ನು ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಮಾತ್ರ ಬಂತು. ಸಿಪಾಯಿಗಳು ಪಲ್ಟನ್ನಿನ ಹೆಸರಿನ ಕೆಳಗೆ ಒಂದು ಸಂಖ್ಯೆಯಾದರು. ಭಾರತದ ಅನೇಕ ಹಳ್ಳಿಗಳಲ್ಲಿ ನಿಲ್ಲಿಸಿದ ಫಲಕಗಳೂ ಇದೇ ಮಾದರಿ: ಈ ಊರಿನಿಂದ ಮಹಾಯುದ್ಧಕ್ಕೆ ಇಷ್ಟು ಮಂದಿ ಹೋದರು, ಇಷ್ಟು ಮಂದಿ ಪ್ರಾಣ ಕೊಟ್ಟರು. ಹೆಸರಿಲ್ಲ. ದನ ಕಾಯುತ್ತ ಸತ್ತವನಿಗೂ ಹೆಸರು ಬರೆದ ನಾಡಿನಲ್ಲಿ ಇದು ದೊಡ್ಡ ಹಿನ್ನಡೆ. ಈ ಅಸಮಾನತೆಯನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2021ರ ತನ್ನ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು.

ಸ್ಮಾರಕದಲ್ಲಿ ಹೆಸರು ಇಲ್ಲದಿದ್ದರೂ ಸೇನೆಯ ಕಡತದಲ್ಲಿ ಇತ್ತು. ಭರ್ತಿಯಾದ ಪ್ರತಿಯೊಬ್ಬನ ಊರು, ತಂದೆ, ಹತ್ತಿರದ ಸಂಬಂಧಿ ಯಾರು ಎಂದು ಬರೆದುಕೊಳ್ಳುತ್ತಿದ್ದರು. ಅವನು ಸತ್ತರೆ ಹಣ ಯಾರಿಗೆ ಎಂಬುದು ಆ ಸಾಲಿನಿಂದ ನಿರ್ಧಾರವಾಗುತ್ತಿತ್ತು. ಯುದ್ಧಕಾಲದಲ್ಲಿ ಆರಂಭವಾದ ಸೋಲ್ಜರ್ಸ್ ಬೋರ್ಡುಗಳೇ ಇಂದಿನ ಸೈನಿಕ ಮಂಡಳಿಗಳ ಮೂಲ. ಹಳ್ಳಿಯ ವಿಧವೆ ತನ್ನ ಹೆಸರಿನಲ್ಲಿ ಒಂದು ಅರ್ಜಿ ಕೊಡಲು, ತನ್ನ ಹೆಬ್ಬೆಟ್ಟು ಒತ್ತಿ ಹಣ ಎಣಿಸಿಕೊಳ್ಳಲು ಈಗ ದಾರಿಯಾಯಿತು. ವೀರಗಲ್ಲಿನಲ್ಲಿ ಕಾಣದವಳು ಇಲ್ಲಿ ಅರ್ಜಿದಾರಳಾಗಿ ಕಾಣಿಸಿಕೊಳ್ಳುತ್ತಾಳೆ.

ಅರ್ಜಿ ನಡೆಯುವ ದಾರಿ

ಸ್ವತಂತ್ರ ಭಾರತದಲ್ಲಿ ಈ ವ್ಯವಸ್ಥೆ ಹಂತಹಂತವಾಗಿ ವಿಸ್ತಾರವಾಯಿತು. 1964ರಲ್ಲಿ ಕುಟುಂಬ ಪಿಂಚಣಿ ಯೋಜನೆ ಬಂತು. 1971ರ ಯುದ್ಧದ ಬಳಿಕ, 1972ರಲ್ಲಿ, ಸಮರದಲ್ಲಿ ಮಡಿದವರ ಕುಟುಂಬಕ್ಕೆ ಉದಾರ ನಿಯಮಗಳನ್ನು ರಚಿಸಿದರು. ಇಂದು ಸೈನಿಕನ ವಿಧವೆಗೆ ಮುಖ್ಯವಾಗಿ ಮೂರು ಬಗೆಯ ಪಿಂಚಣಿ ಇದೆ. ಸೇವೆಗೆ ಸಂಬಂಧಿಸದ ಕಾರಣದಿಂದ ತೀರಿಕೊಂಡಿದ್ದರೆ ಸಾಮಾನ್ಯ ಕುಟುಂಬ ಪಿಂಚಣಿ, ಅಂದರೆ ಕೊನೆಯ ವೇತನದ ಶೇಕಡಾ 30. ಮೊದಲ ಕೆಲವು ವರ್ಷ ಶೇಕಡಾ 50. ಸೇವೆಯ ಕಾರಣದಿಂದಲೇ ಸತ್ತಿದ್ದರೆ ವಿಶೇಷ ಕುಟುಂಬ ಪಿಂಚಣಿ, ಶೇಕಡಾ 60. ಯುದ್ಧ ಅಥವಾ ಅದಕ್ಕೆ ಸಮಾನವಾದ ಕಾರ್ಯಾಚರಣೆಯಲ್ಲಿ ಮಡಿದಿದ್ದರೆ ಉದಾರೀಕೃತ ಕುಟುಂಬ ಪಿಂಚಣಿ, ಕೊನೆಯ ವೇತನದಷ್ಟೇ.

ಗಂಡ ಹೇಗೆ ಸತ್ತ ಎಂಬ ಒಂದು ವಾಕ್ಯದ ಮೇಲೆ ಶೇಕಡಾ 30, 60, 100ರ ವ್ಯತ್ಯಾಸ ನಿಂತಿದೆ. ಆ ವಾಕ್ಯವನ್ನು ಬರೆಯುವುದು ಸಾವಿರಾರು ಕಿಲೋಮೀಟರ್ ದೂರದ ಘಟಕದಲ್ಲಿ ನಡೆದ ವಿಚಾರಣೆಯ ಮೇಲೆ. ಶಿಗ್ಗಾಂವಿಗೆ ನೆರೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೀವು ಕೇಳಿರುತ್ತೀರಿ. 2016ರ ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿ, ಆರು ದಿನ ಹಿಮದಡಿಯಲ್ಲಿದ್ದು ಜೀವಂತ ಸಿಕ್ಕಿದ ಅವರು ಫೆಬ್ರವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಆಗ ಇಡೀ ದೇಶ ಟೆಲಿವಿಷನ್ನಿನ ಮುಂದೆ ಕುಳಿತಿತ್ತು. ಆದರೆ ಬಹುಪಾಲು ಸೈನಿಕರ ಸಾವಿಗೆ ಕ್ಯಾಮೆರಾ ಸಾಕ್ಷಿಯಾಗುವುದಿಲ್ಲ. ರಸ್ತೆ ಅಪಘಾತ, ಹೃದಯಾಘಾತ, ನಿವೃತ್ತಿಯ ನಂತರದ ಕಾಯಿಲೆ, ಇವೇ ಹೆಚ್ಚು. ಅಂಥ ಮನೆಯಲ್ಲಿ ಕಾಗದವೇ ಎಲ್ಲವನ್ನೂ ಹೇಳಬೇಕು.

ಹಾನಗಲ್ಲಿನ ಒಂದು ಹಳ್ಳಿಯ ಹೆಂಗಸು ಅರ್ಜಿ ಹಾಕಿದಳು ಎಂದು ಇಟ್ಟುಕೊಳ್ಳಿ. ಕಾಗದ ಎಲ್ಲೆಲ್ಲಿ ತಿರುಗುತ್ತದೆ? ಮೊದಲು ಪಂಚಾಯಿತಿಯಿಂದ ಮರಣ ಪ್ರಮಾಣಪತ್ರ. ಬಳಿಕ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ. ಅಲ್ಲಿಂದ ಗಂಡನ ಪಲ್ಟನ್ನಿನ ದಾಖಲೆ ಕಚೇರಿ: ಮರಾಠಾ ಪಲ್ಟನ್ನಾದರೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲಿಂಗ್ಟನ್. ಅವರು ಹಳೆಯ ಕಡತ ತೆಗೆದು ಹೋಲಿಸಿ, ಸರಿ ಕಂಡರೆ ರಕ್ಷಣಾ ಲೆಕ್ಕಪತ್ರ ಇಲಾಖೆಯ ಪಿಂಚಣಿ ಕಚೇರಿಗೆ ಕಳಿಸುತ್ತಾರೆ. ಆ ಕಚೇರಿ ಇರುವುದು ಅಲಹಾಬಾದಿನಲ್ಲಿ, ಅಂದರೆ ಇಂದಿನ ಪ್ರಯಾಗರಾಜದಲ್ಲಿ. ಮಂಜೂರಾತಿ ಆದಮೇಲೆ ಪಿಂಚಣಿ ಪಾವತಿ ಆದೇಶ ಹೊರಡುತ್ತದೆ.

ಆ ಕಚೇರಿಯ ವಿಳಾಸ ದ್ರೌಪದಿ ಘಾಟ್. ಹಾನಗಲ್ಲಿನ ಜನ ತಮ್ಮ ಊರನ್ನು ವಿರಾಟನಗರ ಎನ್ನುತ್ತಾರೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಎಂಬುದು ಸ್ಥಳದ ನಂಬಿಕೆ. ದ್ರೌಪದಿ ಬೇರೆ ಹೆಸರಿನಲ್ಲಿ, ಸೈರಂಧ್ರಿಯಾಗಿ ಬಾಳಿದ ಊರಿನಿಂದ ಹೊರಟ ಅರ್ಜಿ ದ್ರೌಪದಿಯ ಹೆಸರಿನ ಘಾಟಿಗೆ ಹೋಗಿ ಸೇರುತ್ತದೆ! ಇದು ಕೇವಲ ಕಾಕತಾಳೀಯ. ಆದರೆ ಬೇರೆ ಹೆಸರಿನ ತೊಡಕು ಮಾತ್ರ ನಿಜವಾದದ್ದು.

ನಿಮ್ಮ ಹೆಸರೇನವ್ವಾ?

ಈ ಭಾಗದ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರು ಇಡುವ ರೂಢಿ ಇತ್ತು. ತವರಿನಲ್ಲಿ ಯಲ್ಲವ್ವ, ಗಂಡನ ಮನೆಯಲ್ಲಿ ನೀಲವ್ವ. ಗಂಡ ಪಲ್ಟನ್ನಿನಲ್ಲಿ ಬರೆಸಿದ್ದು ಒಂದು, ಪಡಿತರ ಚೀಟಿಯಲ್ಲಿ ಇನ್ನೊಂದು. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಗುಮಾಸ್ತ ‘ವ್ವ’ಕ್ಕೆ ಎರಡು ‘ವಿ’ ಹಾಕುತ್ತಾನೆ, ಮತ್ತೊಬ್ಬ ಎರಡು ‘ಡಬ್ಲ್ಯು’ ಹಾಕುತ್ತಾನೆ, ಮೂರನೆಯವನು ಸುಧಾರಿಸುವ ಉತ್ಸಾಹದಲ್ಲಿ ನೀಲಮ್ಮ ಎಂದು ಬರೆದುಬಿಡುತ್ತಾನೆ. ಊರಿನವರಿಗೆ ಇವರೆಲ್ಲ ಒಬ್ಬಳೇ. ಕಚೇರಿಗೆ ಮೂವರು.

ವಿಳಾಸವೂ ಹಾಗೆಯೇ. 1965ರ ಯುದ್ಧದ ಹೊತ್ತಿನ ಕಾಗದದಲ್ಲಿ ಅವಳ ಊರು ಮೈಸೂರು ರಾಜ್ಯ, ಧಾರವಾಡ ಜಿಲ್ಲೆ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಹಾವೇರಿ ಹೊಸ ಜಿಲ್ಲೆಯಾಯಿತು. ಅವಳು ಮನೆ ಬಿಟ್ಟು ಕದಲಿಲ್ಲ. ಕಾಗದದ ಮೇಲೆ ಮಾತ್ರ ರಾಜ್ಯದ ಹೆಸರೂ ಜಿಲ್ಲೆಯ ಹೆಸರೂ ಬದಲಾದವು.

ಮದುವೆಯ ಸಾಕ್ಷಿ ಇನ್ನೂ ಕಷ್ಟ. ಸೈನಿಕ ಮದುವೆಯಾದರೆ ಘಟಕಕ್ಕೆ ತಿಳಿಸಬೇಕು. ಅದು ‘ಪಾರ್ಟ್ ಟೂ ಆರ್ಡರ್’ ಎಂಬ ಆದೇಶದಲ್ಲಿ ಪ್ರಕಟವಾಗಿ ಅವನ ದಾಖಲೆಗೆ ಸೇರುತ್ತದೆ. ಮಕ್ಕಳು ಹುಟ್ಟಿದಾಗಲೂ ಹಾಗೆಯೇ. ರಜೆಯಲ್ಲಿ ಬಂದು ಮದುವೆಯಾಗಿ ಹೋದವನು ಅದನ್ನು ಬರೆಸಲು ಮರೆತಿದ್ದರೆ ದಾಖಲೆಯಲ್ಲಿ ಅವನು ಅವಿವಾಹಿತ. ಹತ್ತಿರದ ಸಂಬಂಧಿಯ ಜಾಗದಲ್ಲಿ ತಾಯಿಯ ಹೆಸರೇ ಉಳಿದಿರುತ್ತದೆ. ನಿವೃತ್ತರಿಗೆ ಕೊಟ್ಟ ಹಳೆಯ ಪಾವತಿ ಆದೇಶಗಳಲ್ಲಿ ಹೆಂಡತಿಯ ಹೆಸರು ಇರುತ್ತಿರಲಿಲ್ಲ. ಮುಂದೆ ಗಂಡಹೆಂಡತಿ ಇಬ್ಬರ ಹೆಸರನ್ನೂ ಒಟ್ಟಿಗೆ ನಮೂದಿಸುವ ಪದ್ಧತಿ ಬಂದು ತೊಂದರೆ ಬಹಳ ಕಡಿಮೆಯಾಯಿತು.

ವಿಧವೆಯ ಮರುಮದುವೆಯ ವಿಷಯದಲ್ಲೂ ನಿಯಮ ನಡೆದು ಬಂದ ದಾರಿ ಗಮನಿಸತಕ್ಕದ್ದು. ನಮ್ಮ ಕಡೆ ಅನೇಕ ಸಮುದಾಯಗಳಲ್ಲಿ ಉಡಿಕೆ ಎಂಬ ಹೆಸರಿನಲ್ಲಿ ವಿಧವಾ ವಿವಾಹ ಹಿಂದಿನಿಂದಲೂ ಇದೆ. ಆದರೆ ಶೌರ್ಯ ಪ್ರಶಸ್ತಿಯ ಜೊತೆ ಬರುವ ಮಾಸಿಕ ಭತ್ಯೆ, ವಿಧವೆ ಮರುಮದುವೆಯಾದರೆ ನಿಂತುಹೋಗುತ್ತಿತ್ತು. ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಹಣ ಮನೆತನದೊಳಗೇ ಇರಬೇಕು ಎಂಬ ನೆತ್ತರುಗೊಡಗೆಯ ಕಾಲದ ವಿಚಾರವೇ ಇದು. ರಕ್ಷಣಾ ಸಚಿವಾಲಯ 2017ರ ನವೆಂಬರಿನಲ್ಲಿ ಈ ನಿಬಂಧನೆಯನ್ನು ತೆಗೆದುಹಾಕಿತು. ಹೆಂಡತಿ ಮತ್ತು ತಂದೆತಾಯಿಗಳ ನಡುವೆ ಪರಿಹಾರದ ಹಣ ಹೇಗೆ ಹಂಚಿಕೆಯಾಗಬೇಕು ಎಂಬುದು 2024ರಲ್ಲಿ ದೇಶದಲ್ಲೆಲ್ಲ ಚರ್ಚೆಯಾಯಿತು. ಮಗನನ್ನು ಕಳೆದುಕೊಂಡ ಮುದಿ ತಂದೆತಾಯಿಯ ಮಾತನ್ನೂ ತಳ್ಳಿಹಾಕುವಂತಿಲ್ಲ. ಎರಡೂ ಕಡೆಯ ನೋವು ಇರುವ ಪ್ರಶ್ನೆ ಇದು.

ಕಾಗದವಿಲ್ಲದವರ ಸಮಸ್ಯೆ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ 1862ರಲ್ಲಿ ಸೈನಿಕರ ವಿಧವೆಯರಿಗೆ ಪಿಂಚಣಿ ಕಾಯಿದೆ ಬಂತು. ಆದರೆ ಗುಲಾಮರಾಗಿದ್ದ ಕಪ್ಪು ಜನರ ಮದುವೆಯನ್ನು ಕಾನೂನು ಮದುವೆ ಎಂದೇ ಒಪ್ಪಿರಲಿಲ್ಲ. ಅವರ ಗಂಡಂದಿರು ಯುದ್ಧದಲ್ಲಿ ಸತ್ತಾಗ ಹೆಂಡತಿಯರ ಬಳಿ ಯಾವ ಪತ್ರವೂ ಇರಲಿಲ್ಲ. 1864ರಲ್ಲಿ ಅಲ್ಲಿಯ ಶಾಸನಸಭೆ ನಿಯಮವನ್ನು ಸಡಿಲಿಸಿ, ಇಬ್ಬರೂ ಗಂಡಹೆಂಡತಿಯಾಗಿ ಬಾಳಿದ್ದನ್ನು ಕಂಡವರ ಸಾಕ್ಷಿ ಸಾಕು ಎಂದಿತು. ಕಾಗದ ಇಲ್ಲದ ಕಡೆ ನೆರೆಹೊರೆಯ ಮಾತನ್ನು ಕೇಳಲು ಆಡಳಿತ ಮನಸ್ಸು ಮಾಡಿದರೆ ಸಾಧ್ಯ ಎಂಬುದಕ್ಕೆ ಇದು ಉದಾಹರಣೆ. ಆ ಯುದ್ಧ 1865ರಲ್ಲಿ ಮುಗಿಯಿತು. ಅದರ ಪಿಂಚಣಿ ಪಡೆಯುತ್ತಿದ್ದ ಕೊನೆಯವಳು, ಒಬ್ಬ ಸೈನಿಕನ ಮಗಳು, ತೀರಿಕೊಂಡದ್ದು 2020ರಲ್ಲಿ. ಯುದ್ಧದ ಲೆಕ್ಕ ಎಷ್ಟು ಕಾಲ ನಡೆಯುತ್ತದೆ ನೋಡಿ.

ಕೃಪೆಯಿಂದ ಹಕ್ಕಿಗೆ

1871ರ ಕಾಯಿದೆ ಪಿಂಚಣಿಯನ್ನು ಕೃಪೆ ಎಂದು ಎಣಿಸಿತ್ತು ಎಂದೆವು. ಅದು ಹಕ್ಕಾದದ್ದು ಸುಮಾರು ನೂರು ವರ್ಷಗಳ ಬಳಿಕ. 1971ರಲ್ಲಿ ದೇವಕಿನಂದನ ಪ್ರಸಾದ್ ಮೊಕದ್ದಮೆಯಲ್ಲಿ, ಪಿಂಚಣಿ ಸರಕಾರದ ಇಷ್ಟವನ್ನು ಅವಲಂಬಿಸಿದ ಕೊಡುಗೆಯಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 1982ರ ಡಿಸೆಂಬರ್ 17ರಂದು ಡಿ. ಎಸ್. ನಕಾರಾ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಪಿಂಚಣಿದಾರರು ಆ ದಿನವನ್ನು ಇಂದಿಗೂ ತಮ್ಮ ದಿನವಾಗಿ ಆಚರಿಸುತ್ತಾರೆ. 1985ರಲ್ಲಿ ಪೂನಮಾಳ್ ಎಂಬ ಅರ್ಜಿದಾರಳ ಮೊಕದ್ದಮೆಯಲ್ಲಿ ನ್ಯಾಯಾಲಯ, ಗಂಡನ ಸೇವೆಯ ಫಲವಾದ ಕುಟುಂಬ ಪಿಂಚಣಿಗೆ ವಿಧವೆ ಹಕ್ಕಿನಿಂದಲೇ ಅರ್ಹಳು ಎಂದು ತೀರ್ಮಾನಿಸಿ, 1964ರ ಯೋಜನೆಯಿಂದ ಹೊರಗುಳಿದವರಿಗೂ ದಾರಿ ತೆರೆಯಿತು. ಅದು ಸೈನಿಕರದ್ದಲ್ಲ, ನಾಗರಿಕ ಸೇವೆಯವರ ಮೊಕದ್ದಮೆ. ಆದರೆ ತತ್ವ ಒಂದೇ. ಸೈನಿಕರ ವ್ಯಾಜ್ಯಗಳಿಗಾಗಿ 2009ರಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೆಲಸ ಮಾಡುತ್ತಿದೆ. ವಿಧವೆಯರೂ ಅಲ್ಲಿಗೆ ಹೋಗಬಹುದು.

ಹೀಗೆ ಕಾನೂನಿನಲ್ಲಿ ದೊಡ್ಡ ಬದಲಾವಣೆ ಆಯಿತು. ನೆತ್ತರುಗೊಡಗೆ ಮನೆತನಕ್ಕೆ ಸೇರಿತ್ತು, ಕುಟುಂಬ ಪಿಂಚಣಿ ಅವಳ ಹೆಸರಿಗೆ ಬರುತ್ತದೆ. ಮೊದಲಿನದು ಅರಸನ ಮನಸ್ಸು, ಈಗಿನದು ಅವಳ ಹಕ್ಕು. ಇದರಲ್ಲಿ ಸಂದೇಹವಿಲ್ಲದೆ ಮುನ್ನಡೆ ಇದೆ. ಆದರೆ ಸಾಕ್ಷಿಯ ಹೊರೆ ಊರಿನ ಹೆಗಲಿನಿಂದ ಅವಳೊಬ್ಬಳ ಹೆಗಲಿಗೆ ಬಂದಿದೆ. ಹಿಂದೆ ಊರು ಕಲ್ಲು ನಿಲ್ಲಿಸಿ ಅವಳ ಪರವಾಗಿ ಹೇಳುತ್ತಿತ್ತು. ಈಗ ತಾನು ಯಾರು ಎಂಬುದನ್ನು ಅವಳೇ ಸಾಬೀತು ಮಾಡಬೇಕು. ಅದೂ ಪ್ರತಿವರ್ಷ: ತಾನು ಬದುಕಿದ್ದೇನೆ ಎಂಬ ಜೀವಿತ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ನವೆಂಬರಿನಲ್ಲಿ ಒಪ್ಪಿಸಬೇಕು. 2014ರಿಂದ ಇದನ್ನು ಬೆರಳಚ್ಚಿನ ಮೂಲಕ ಕಂಪ್ಯೂಟರಿನಲ್ಲೇ ಮಾಡಬಹುದು. 2021ರಿಂದ ರಕ್ಷಣಾ ಪಿಂಚಣಿಗಳು ಸ್ಪರ್ಶ್ ಎಂಬ ಗಣಕ ವ್ಯವಸ್ಥೆಗೆ ಬರತೊಡಗಿವೆ. ಅಲಹಾಬಾದಿಗೆ ಅಂಚೆಯಲ್ಲಿ ಹೋಗಿ ತಿಂಗಳುಗಟ್ಟಲೆ ಕಾಯುವ ಕೆಲಸ ಕಡಿಮೆಯಾಗಿದೆ. ಆದರೆ ಗಣಕಕ್ಕೆ ಯಲ್ಲವ್ವ ಮತ್ತು ನೀಲವ್ವ ಒಬ್ಬಳೇ ಎಂದು ತಾನಾಗಿ ತಿಳಿಯುವುದಿಲ್ಲ. ವರ್ಷಗಟ್ಟಲೆ ಹೊಲದಲ್ಲಿ ಕಳೆ ಕಿತ್ತ ಬೆರಳಿನ ಗೆರೆಗಳು ಸವೆದಿದ್ದರೆ ಯಂತ್ರ ಓದುವುದೂ ಇಲ್ಲ.

ಇಲ್ಲಿ ನಿಮ್ಮ ಕೆಲಸವಿದೆ. ನಿಮ್ಮ ಓಣಿಯಲ್ಲಿ ಸೈನಿಕರ ಮನೆ ಇದ್ದರೆ, ಅಲ್ಲಿಯ ಅಜ್ಜಿಯೋ ಚಿಕ್ಕಮ್ಮನೋ ಒಪ್ಪಿದರೆ, ಅವರ ಕಾಗದಗಳನ್ನು ಅವರ ಎದುರಿನಲ್ಲೇ ಒಮ್ಮೆ ಓದಿ ಹೇಳಿ. ಪಾವತಿ ಆದೇಶ, ಆಧಾರ್, ಬ್ಯಾಂಕ್ ಪುಸ್ತಕ, ಪಡಿತರ ಚೀಟಿ, ಎಲ್ಲದರಲ್ಲೂ ಹೆಸರು ಮತ್ತು ಹುಟ್ಟಿದ ದಿನ ಒಂದೇ ಇದೆಯೇ? ಗಂಡ ಬದುಕಿದ್ದಾಗಲೇ ಪತ್ರದಲ್ಲಿ ಹೆಂಡತಿಯ ಹೆಸರು ಸೇರಿದೆಯೇ? ವ್ಯತ್ಯಾಸ ಕಂಡರೆ ಸೈನಿಕ ಕಲ್ಯಾಣ ಕಚೇರಿಗೆ ತಿಳಿಸಿ ಸರಿಪಡಿಸಿಕೊಳ್ಳಲು ಈಗ ಸಮಯವಿದೆ. ಸಾವಾದ ಮೇಲೆ ಅದೇ ತಿದ್ದುಪಡಿಗೆ ವರ್ಷಗಳು ಬೇಕಾಗಬಹುದು. ಇದಕ್ಕೆ ಕಾನೂನು ಪದವಿ ಬೇಡ; ಓದಲು ಬರೆಯಲು ಬರುವ ಹತ್ತನೆಯ ತರಗತಿಯ ಹುಡುಗಿಯೂ ಮಾಡಬಹುದು. ಹಳೆಯ ಕಾಲದಲ್ಲಿ ಊರು ಮಾಡುತ್ತಿದ್ದ ಸಾಕ್ಷಿಯ ಕೆಲಸವನ್ನು ಇಂದು ನೀವು ಈ ರೀತಿಯಲ್ಲಿ ಮುಂದುವರಿಸಬಹುದು.

ಚರ್ಚೆಗೆ ಕೆಲವು ಪ್ರಶ್ನೆಗಳು

1. ನಿಮ್ಮ ಊರಿನಲ್ಲಿ ವೀರಗಲ್ಲು ಅಥವಾ ಮಾಸ್ತಿಗಲ್ಲು ಇದೆಯೇ? ಅದರ ಪಟ್ಟಿಕೆಗಳಲ್ಲಿ ಏನೇನಿದೆ? ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿ ಚಿತ್ರ ಬರೆದುಕೊಳ್ಳಿ. ಸುಣ್ಣ, ಎಣ್ಣೆ ಹಚ್ಚಬೇಡಿ.

2. ಭೂಮಿಯಾಗಿ ಕೊಟ್ಟ ನೆತ್ತರುಗೊಡಗೆಗೂ ತಿಂಗಳ ಹಣವಾಗಿ ಬರುವ ಪಿಂಚಣಿಗೂ ಇರುವ ವ್ಯತ್ಯಾಸಗಳೇನು? ವಿಧವೆಯ ದೃಷ್ಟಿಯಿಂದ ಯಾವುದು ಮೇಲು?

3. ಮದುವೆಗೆ ಕಾಗದದ ಸಾಕ್ಷಿ ಇಲ್ಲದಿದ್ದಾಗ ಊರಿನವರ ಹೇಳಿಕೆಯನ್ನು ಎಷ್ಟರ ಮಟ್ಟಿಗೆ ಒಪ್ಪಬಹುದು? ಸುಳ್ಳು ಸಾಕ್ಷಿಯನ್ನು ತಡೆಯುವುದು ಹೇಗೆ?

4. ಸೈನಿಕನ ತಾಯಿ ಮತ್ತು ಹೆಂಡತಿ ಇಬ್ಬರೂ ಅವನ ದುಡಿಮೆಯನ್ನೇ ನಂಬಿದ್ದರೆ ಪಿಂಚಣಿ ಹೇಗೆ ಹಂಚಿಕೆಯಾಗಬೇಕು? ಎರಡು ಗುಂಪುಗಳಾಗಿ ವಾದಿಸಿ ನೋಡಿ.